ಪವಾಡದ ಹೆಡ್‌ಮಾಸ್ತರರಿಗಾಗಿ ಕಾಯುವುದನ್ನು ಬಿಡೋಣ

ಶಿಕ್ಷಕರ ದಿನಾಚರಣೆ ಹತ್ತಿರ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದೇ ಅಚ್ಚಿನ ಸುದ್ದಿ ಬರುತ್ತದೆ. ಹಾಳುಬಿದ್ದ ಸರ್ಕಾರಿ ಪ್ರಾಥಮಿಕ ಶಾಲೆ. ಅಲ್ಲಿಗೆ ವರ್ಗವಾಗಿ ಬಂದ ಒಬ್ಬ ಮುಖ್ಯ ಶಿಕ್ಷಕ. ಸ್ವಂತ ಸಂಬಳದಿಂದ ಗೋಡೆಗೆ ಬಣ್ಣ ಬಳಿಸಿದರು, ದಾನಿಗಳ ಮನೆ ಬಾಗಿಲು ತಟ್ಟಿ ಡೆಸ್ಕು ತಂದರು, ಭಾನುವಾರವೂ ಬಂದು ಗಿಡಗಳಿಗೆ ನೀರು ಹಾಕಿದರು, ಮಕ್ಕಳ ಸಂಖ್ಯೆ ಎರಡರಷ್ಟಾಯಿತು. ಕೊನೆಯ ಸಾಲಿನಲ್ಲಿ ‘ಮನಸ್ಸಿದ್ದರೆ ಮಾರ್ಗ’ ಎಂಬ ಮಾತು. ಓದಿದವರು ಮೆಚ್ಚಿಕೊಂಡು ನಾಲ್ಕು ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುತ್ತಾರೆ. ಆ ಮೇಷ್ಟರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ಕಥೆಯಿಂದ ನಾಡು ಕಲಿತಿರುವ ಪಾಠ ತಪ್ಪು. ಅದರಿಂದ ಸಾವಿರಾರು ಶಾಲೆಗಳಿಗೆ ಹಾನಿಯಾಗುತ್ತಿದೆ ಎಂದೇ ನಾನು ನಂಬಿದ್ದೇನೆ.

ಆ ಪಾಠ ಇಷ್ಟೇ: ಶಾಲೆ ಚೆನ್ನಾಗಿದ್ದರೆ ಹೆಡ್‌ಮಾಸ್ತರರು ಒಳ್ಳೆಯವರು, ಕೆಟ್ಟಿದ್ದರೆ ಅವರಿಗೆ ಇಚ್ಛಾಶಕ್ತಿ ಇಲ್ಲ. ಶಾಸಕರು ವೇದಿಕೆಯಲ್ಲಿ ಇದನ್ನೇ ಹೇಳುತ್ತಾರೆ. ಅಧಿಕಾರಿಗಳು ಪ್ರಗತಿ ಪರಿಶೀಲನಾ ಸಭೆಯಲ್ಲಿ ಇದನ್ನೇ ಗದರಿಸಿ ಹೇಳುತ್ತಾರೆ. ಊರ ಕಟ್ಟೆಯ ಮೇಲೆ ಕೂತವರ ಅಭಿಪ್ರಾಯವೂ ಇದೇ. ಕೊರತೆ ಇರುವುದು ಮನುಷ್ಯನ ಮನಸ್ಸಿನಲ್ಲಿ ಎಂದು ತೀರ್ಮಾನವಾದ ಮೇಲೆ ಪರಿಹಾರವೂ ಮನಸ್ಸಿಗೇ ಆಗಬೇಕಲ್ಲ. ಹಾಗಾಗಿ ‘ಶಾಲಾ ನಾಯಕತ್ವ’ದ ತರಬೇತಿ, ಪ್ರೇರಣಾ ಉಪನ್ಯಾಸ, ಮಾಡ್ಯೂಲು, ಪ್ರಮಾಣಪತ್ರ. ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರಿಗೆ ಇಂದು ಇಲ್ಲದಿರುವುದು ಹುದ್ದೆ, ಹೊತ್ತು, ಕೈಗೊಬ್ಬ ಸಹಾಯಕ ಮತ್ತು ಕಷ್ಟ ಹೇಳಿಕೊಳ್ಳಲು ಒಬ್ಬ ಅನುಭವಿ. ಇವುಗಳಲ್ಲಿ ಒಂದನ್ನೂ ಕೊಡದೆ ನಾಯಕತ್ವದ ಬಗ್ಗೆ ಮಾತಾಡುವುದು ಜವಾಬ್ದಾರಿಯಿಂದ ನುಣುಚಿಕೊಳ್ಳುವ ಕೆಲಸ.

ಮೊದಲು ಹುದ್ದೆಯ ವಿಚಾರ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆರೆದು ನೋಡಿ. ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, 90 ಇದ್ದರೆ ಮೂವರು. ಮುಖ್ಯ ಶಿಕ್ಷಕರ ಮಾತು ಬರುವುದು ಮಕ್ಕಳ ಸಂಖ್ಯೆ 150 ದಾಟಿದ ಮೇಲೆ. ಆರರಿಂದ ಎಂಟನೇ ತರಗತಿಗೆ ಪೂರ್ಣಾವಧಿ ಮುಖ್ಯ ಶಿಕ್ಷಕ ಬೇಕೆಂದು ಕಾಯ್ದೆ ಹೇಳುವುದು ಮಕ್ಕಳು 100ಕ್ಕಿಂತ ಹೆಚ್ಚಿದ್ದಾಗ. ನಮ್ಮ ಹಳ್ಳಿಗಳ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಎಷ್ಟರಲ್ಲಿ 150 ಮಕ್ಕಳಿದ್ದಾರೆ? ಬಹುಪಾಲು ಶಾಲೆಗಳಲ್ಲಿ ಇಪ್ಪತ್ತು, ಮೂವತ್ತು, ಹೆಚ್ಚೆಂದರೆ ಐವತ್ತು. ಅಂದರೆ ಈ ಶಾಲೆಗಳಿಗೆ ಮುಖ್ಯ ಶಿಕ್ಷಕರನ್ನು ಕೊಡಲೇಬೇಕೆಂದು ಕಾಯ್ದೆ ಸರ್ಕಾರವನ್ನು ಕಟ್ಟಿಹಾಕಿಲ್ಲ. ಇರುವ ಇಬ್ಬರಲ್ಲಿ ಹಿರಿಯರಾದವರಿಗೆ ‘ಪ್ರಭಾರ’ ಬೀಳುತ್ತದೆ. ಬೀಗದ ಕೈ, ಹಾಜರಿ ಪುಸ್ತಕ, ದಾಸ್ತಾನು ವಹಿ, ಬ್ಯಾಂಕ್ ಪಾಸ್‌ಬುಕ್‌ಗಳ ಪಟ್ಟಿಗೆ ಸಹಿ ಹಾಕಿಸಿಕೊಂಡು ಹಿಂದಿನವರು ಹೊರಟುಹೋಗುತ್ತಾರೆ. ಹೊಸಬರು ಆ ಹೊತ್ತಿನಿಂದ ಹೆಡ್‌ಮಾಸ್ತರ್. ಹಿಂದಿನ ದಿನದವರೆಗೆ ಅವರು ಮಾಡುತ್ತಿದ್ದದ್ದು ಪಾಠ, ಅದೊಂದೇ. ಸಿಂಗಪುರದಲ್ಲಿ ಪ್ರಾಂಶುಪಾಲರಾಗಬೇಕಾದವರನ್ನು ಶಾಲೆಯ ಕೆಲಸದಿಂದ ಬಿಡಿಸಿ, ಅರ್ಧ ವರ್ಷಕ್ಕೂ ಹೆಚ್ಚು ಕಾಲ ಪೂರ್ಣಾವಧಿ ತರಬೇತಿ ಕೊಟ್ಟು ಆಮೇಲೆ ಕುರ್ಚಿಯಲ್ಲಿ ಕೂರಿಸುತ್ತಾರೆ. ನಮ್ಮಲ್ಲಿ ಪ್ರಭಾರ ಪಟ್ಟಿಯ ಸಹಿಯ ಶಾಯಿ ಒಣಗುವ ಮೊದಲೇ ಮಾಹಿತಿ ಕೇಳುವ ಸಂದೇಶ ಬಂದಿರುತ್ತದೆ.

ಇಬ್ಬರು ಶಿಕ್ಷಕರ ಅಂಥ ಒಂದು ಶಾಲೆಯ ಬೆಳಗ್ಗೆ ಹೇಗಿರುತ್ತದೆ ನೋಡೋಣ. ಒಂದರಿಂದ ಮೂರರವರೆಗೆ ನಲಿ-ಕಲಿ, ಅದು ಒಬ್ಬರದು. ನಾಲ್ಕು ಮತ್ತು ಐದು ಇನ್ನೊಬ್ಬರದು, ಪ್ರಭಾರ ಮುಖ್ಯ ಶಿಕ್ಷಕರೂ ಅವರೇ ಎಂದಿಟ್ಟುಕೊಳ್ಳಿ. ಪ್ರಾರ್ಥನೆ ಮುಗಿದ ಮೇಲೆ ಹಾಲು. ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿ, 150 ಮಿಲಿಲೀಟರ್ ಹಾಲು. ಇವತ್ತು 43 ಮಕ್ಕಳು ಬಂದಿದ್ದರೆ 774 ಗ್ರಾಂ ಪುಡಿ ಎಂದು ವಹಿಯಲ್ಲಿ ಬರೆಯಬೇಕು. ಆಮೇಲೆ ಊಟದ ಅಕ್ಕಿ ತೂಗಬೇಕು. ಐದನೇ ತರಗತಿವರೆಗಿನ ಮಗುವಿಗೆ 100 ಗ್ರಾಂ, ಒಟ್ಟು 4 ಕಿಲೊ 300 ಗ್ರಾಂ. ಬೇಳೆ ತಲೆಗೆ 20 ಗ್ರಾಂ, ಎಣ್ಣೆ 5 ಗ್ರಾಂ. ಎಷ್ಟು ಮಕ್ಕಳು ಉಂಡರು ಎಂಬ ಲೆಕ್ಕ ಅವತ್ತೇ ಹೋಗಬೇಕು. ಅಡುಗೆಯವರು ರಜೆಯಾದರೆ ಬದಲಿ ಹುಡುಕಬೇಕು, ಸಿಲಿಂಡರ್ ಮುಗಿದರೆ ಫೋನು ಮಾಡಬೇಕು, ಊಟ ಬಡಿಸುವ ಮುನ್ನ ತಾವೇ ರುಚಿ ನೋಡಿ ಸಹಿ ಹಾಕಬೇಕು. ಇದರ ನಡುವೆ ಸಮೂಹ ಸಂಪನ್ಮೂಲ ವ್ಯಕ್ತಿಯಿಂದ (ಸಿಆರ್‌ಪಿ) ಸಂದೇಶ: ವಿದ್ಯಾರ್ಥಿಗಳ ದಾಖಲೆ ಇಡುವ ಎಸ್‌ಎಟಿಎಸ್‌ನಲ್ಲಿ ಇಂತಿಷ್ಟು ಮಕ್ಕಳ ಆಧಾರ್ ತಾಳೆಯಾಗಿಲ್ಲ, ಇವತ್ತೇ ಸರಿಪಡಿಸಿ. ಶಾಲಾ ಮಾಹಿತಿಯ ಯುಡೈಸ್ ಬಾಕಿ ಇದೆ. ವಿದ್ಯಾರ್ಥಿವೇತನದ ಅರ್ಜಿ ಬಾಕಿ ಇದೆ. ಕಬ್ಬಿಣಾಂಶದ ಮಾತ್ರೆ ಕೊಟ್ಟ ವರದಿ ಬಂದಿಲ್ಲ. ಹನ್ನೊಂದೂವರೆಗೆ ಬ್ಲಾಕ್ ಕಚೇರಿಯಲ್ಲಿ ಮುಖ್ಯ ಶಿಕ್ಷಕರ ಸಭೆ.

ಸಭೆಗೆ ಅವರು ಬಸ್ಸು ಹತ್ತಿದರೆ ಐದೂ ತರಗತಿ ಒಬ್ಬರೇ ಶಿಕ್ಷಕರ ಕೈಯಲ್ಲಿ. ನಲಿ-ಕಲಿಯ ಮಕ್ಕಳು ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಕೂತು, ಕಾರ್ಡು ತೆಗೆದುಕೊಂಡು, ತಮ್ಮ ಮೆಟ್ಟಿಲು ತಾವೇ ಹತ್ತಬೇಕಾದವರು. ಶಿಕ್ಷಕರು ಒಂದೊಂದು ಮಗುವಿನ ಪಕ್ಕ ಕೂತರೆ ಮಾತ್ರ ಆ ಪದ್ಧತಿ ಕೆಲಸ ಮಾಡುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಅದನ್ನು ಕಟ್ಟಿದ್ದು ಆ ನಂಬಿಕೆಯ ಮೇಲೆ. ನಾಲ್ಕು-ಐದನೇ ತರಗತಿಯ ಮಕ್ಕಳೂ ಅದೇ ಕೋಣೆಗೆ ಬಂದು ಕೂತ ದಿನ ಅದು ನಲಿ-ಕಲಿಯಾಗಿ ಉಳಿಯುವುದಿಲ್ಲ. ಅವತ್ತಿನ ಕೆಲಸ ಮಕ್ಕಳನ್ನು ಸುಮ್ಮನೆ ಕೂರಿಸುವುದು. ಇದು ಮತ್ತೆ ಮತ್ತೆ ನಡೆಯುತ್ತದೆ. ಆಮೇಲೆ ಯಾವುದೋ ಸಮೀಕ್ಷೆ ಬಂದು ಐದನೇ ತರಗತಿಯ ಮಗುವಿಗೆ ಎರಡನೇ ತರಗತಿಯ ಪಾಠ ಓದಲು ಬರಲಿಲ್ಲ ಎನ್ನುತ್ತದೆ. ಆಗ ಮುಖ್ಯ ಶಿಕ್ಷಕರ ನಾಯಕತ್ವದ ಕೊರತೆಯ ಚರ್ಚೆ ಶುರುವಾಗುತ್ತದೆ.

ಸರ್ಕಾರಿ ಪ್ರೌಢಶಾಲೆಗೆ ಪ್ರಥಮ ದರ್ಜೆ ಅಥವಾ ದ್ವಿತೀಯ ದರ್ಜೆ ಸಹಾಯಕರ ಹುದ್ದೆ ಇದೆ. ತುಂಬಿರುತ್ತದೋ ಇಲ್ಲವೋ ಬೇರೆ ಮಾತು, ಆದರೆ ಹುದ್ದೆಯ ಅಗತ್ಯವನ್ನಾದರೂ ಒಪ್ಪಲಾಗಿದೆ. ಪ್ರಾಥಮಿಕ ಶಾಲೆಗೆ ಗುಮಾಸ್ತರ ಹುದ್ದೆಯೇ ಇಲ್ಲ. ಜವಾನರಿಲ್ಲ, ಸ್ವಚ್ಛತಾ ಸಿಬ್ಬಂದಿ ಇಲ್ಲ. ಆದರೆ ಹಾಲು, ಮೊಟ್ಟೆ, ಊಟ, ಶೂ, ಸಮವಸ್ತ್ರ, ಪಠ್ಯಪುಸ್ತಕ, ಮಾತ್ರೆ ಇವೆಲ್ಲದರ ಲೆಕ್ಕ ಇಡಬೇಕಾದದ್ದು ಪ್ರಾಥಮಿಕ ಶಾಲೆಯೇ. ಈ ಯೋಜನೆಗಳಲ್ಲಿ ಒಂದೂ ಬೇಡವಾದದ್ದಲ್ಲ. ಬಿಸಿಯೂಟ ಬಂದ ಮೇಲೆ ಹಸಿದ ಹೊಟ್ಟೆಯಲ್ಲಿ ಕೂರುವ ಮಗು ಕಡಿಮೆಯಾಯಿತು. ಅದಕ್ಕಾಗಿ ನಾವೆಲ್ಲ ಋಣಿಗಳಾಗಿರಬೇಕು. ನನ್ನ ತಕರಾರು ಒಂದೇ: 2002ರಲ್ಲಿ ಬಿಸಿಯೂಟದ ಅಕ್ಷರ ದಾಸೋಹ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾದಂದಿನಿಂದ ಇಂದಿನವರೆಗೆ ಒಂದರ ಮೇಲೊಂದು ಯೋಜನೆ ಬಂತು, 2013ರಲ್ಲಿ ಹಾಲು ಕೊಡುವ ಕ್ಷೀರಭಾಗ್ಯ, 2021ರ ಕೊನೆಯಿಂದ ಮೊಟ್ಟೆ, ಆದರೆ ಅವುಗಳ ನಿರ್ವಹಣೆಗೆ ಶಾಲೆಯೊಳಗೆ ಒಂದು ಹೊಸ ಕೈ ಬರಲಿಲ್ಲ. ಅಡುಗೆಯವರು ಬಂದರು, ಅವರ ಗೌರವಧನದ ಕಥೆಯೇ ಇನ್ನೊಂದು ಲೇಖನವಾದೀತು. ಬರೆಯುವ, ತೂಗುವ, ಉತ್ತರ ಕೊಡುವ ಕೆಲಸವೆಲ್ಲ ಪಾಠ ಮಾಡುವ ಕೈಗೇ ಬಿತ್ತು.

ಮೊಟ್ಟೆಯ ವಿಚಾರವನ್ನೇ ತೆಗೆದುಕೊಳ್ಳಿ. ಒಂದು ಮೊಟ್ಟೆಗೆ ಕೊಡುವುದು 6 ರೂಪಾಯಿ. ಕೊಳ್ಳುವ ಬೆಲೆ ಮಾತ್ರವಲ್ಲ, ಬೇಯಿಸುವ ಇಂಧನ, ಸಿಪ್ಪೆ ಸುಲಿಯುವ ಕೂಲಿ, ಸಾಗಣೆ ಎಲ್ಲ ಅದರಲ್ಲೇ ಮುಗಿಯಬೇಕು. ಚಳಿಗಾಲದಲ್ಲಿ ಅಂಗಡಿಯಲ್ಲಿ ಒಂದು ಮೊಟ್ಟೆಯೇ 6 ರೂಪಾಯಿ ದಾಟಿ 7ರ ಹತ್ತಿರ ಹೋಗುತ್ತದೆ. ಆಗ ಮುಖ್ಯ ಶಿಕ್ಷಕರ ಮುಂದೆ ಎರಡೇ ದಾರಿ. ಕೈಯಿಂದ ಹಾಕಬೇಕು, ಇಲ್ಲವೇ ಲೆಕ್ಕದಲ್ಲಿ ಸರಿದೂಗಿಸಬೇಕು. ಮೊದಲನೆಯದನ್ನು ಮಾಡಿದವರನ್ನು ಯಾರೂ ಕೇಳುವುದಿಲ್ಲ. ಎರಡನೆಯದನ್ನು ಮಾಡಿದವರಿಗೆ ಅಮಾನತು. ಮಕ್ಕಳ ಪಾಲಿನ ಮೊಟ್ಟೆ ಕದ್ದವರಿಗೆ ನಾನು ವಕಾಲತ್ತು ವಹಿಸುವುದಿಲ್ಲ, ಅಂಥವರಿಗೆ ಶಿಕ್ಷೆಯಾಗಲೇಬೇಕು. ಆದರೆ ಮಾರುಕಟ್ಟೆಯ ಬೆಲೆಗೂ ಇಲಾಖೆಯ ದರಕ್ಕೂ ನಡುವಿನ ಅಂತರವನ್ನು ಒಬ್ಬ ನೌಕರರ ಜೇಬಿಗೆ ಬಿಟ್ಟು, ಆಮೇಲೆ ಅವರ ಪ್ರಾಮಾಣಿಕತೆಯನ್ನು ಪರೀಕ್ಷಿಸುವುದು ಯಾವ ಆಡಳಿತ?

ಇದಕ್ಕಿಂತ ಕಟುವಾದದ್ದು ಶೌಚಾಲಯದ ಪ್ರಶ್ನೆ. 2023ರ ಡಿಸೆಂಬರ್‌ನಲ್ಲಿ ಮಕ್ಕಳ ಕೈಯಿಂದ ಶೌಚಾಲಯ ತೊಳೆಸಿದ ಪ್ರಕರಣಗಳು ರಾಜ್ಯದಲ್ಲಿ ಒಂದರ ಹಿಂದೊಂದು ಬಯಲಾದವು. ಅವುಗಳಲ್ಲೊಂದರಲ್ಲಿ ಮಲದ ಗುಂಡಿಗೆ ಮಕ್ಕಳನ್ನು ಇಳಿಸಿದ್ದಂತೂ ಅಪರಾಧ. ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಕ್ರಮ ಜರುಗಿತು, ಎಚ್ಚರಿಕೆಯ ಸುತ್ತೋಲೆ ಹೊರಟಿತು. ಆದರೆ ಶೌಚಾಲಯವನ್ನು ಯಾರು ತೊಳೆಯಬೇಕು ಎಂಬ ಪ್ರಶ್ನೆ ಹಾಗೇ ಉಳಿಯಿತು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ವರ್ಷಕ್ಕೆ ಸಿಗುವ ಅನುದಾನ ಮಕ್ಕಳ ಲೆಕ್ಕದ ಮೇಲೆ: 30 ಮಕ್ಕಳವರೆಗೆ 10 ಸಾವಿರ, 100ರವರೆಗೆ 25 ಸಾವಿರ ರೂಪಾಯಿ. ಅದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಎಂದು ನಿಯಮ. ಎಂಬತ್ತು ಮಕ್ಕಳ ಶಾಲೆಗೆ ವರ್ಷಕ್ಕೆ 2,500 ರೂಪಾಯಿ, ತಿಂಗಳಿಗೆ 208. ಕನಿಷ್ಠದ ಮೇಲೆ ಎಷ್ಟು ಬೇಕಾದರೂ ಖರ್ಚು ಮಾಡಬಹುದಲ್ಲ ಎನ್ನುವವರಿಗೆ ಉತ್ತರ ಇದು: ಸೀಮೆಸುಣ್ಣ, ವಹಿ, ದುರಸ್ತಿ, ಪ್ರಯೋಗದ ಸಾಮಗ್ರಿ, ರಾಷ್ಟ್ರೀಯ ಹಬ್ಬದ ಸಿಹಿ ಎಲ್ಲವೂ ಆ 25 ಸಾವಿರದಿಂದಲೇ ಬರಬೇಕು. ಯಾವ ಊರಲ್ಲಿ ಯಾರು 208 ರೂಪಾಯಿಗೆ ತಿಂಗಳಿಡೀ ಶೌಚಾಲಯ ತೊಳೆದಾರು? ಹೆಡ್‌ಮಾಸ್ತರರೇ ತೊಳೆದರೆ ಪತ್ರಿಕೆಯಲ್ಲಿ ಆದರ್ಶ ಶಿಕ್ಷಕರೆಂದು ಫೋಟೊ ಬರುತ್ತದೆ. ಆ ಫೋಟೊ ನೋಡಿ ನನಗೆ ಹೆಮ್ಮೆಯಾಗುವುದಿಲ್ಲ, ನಾಚಿಕೆಯಾಗುತ್ತದೆ.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಶಿಕ್ಷಕರನ್ನು ಮೂರೇ ಮೂರು ಬೋಧಕೇತರ ಕೆಲಸಗಳಿಗೆ ಬಳಸಬಹುದು ಎನ್ನುತ್ತದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಮತದಾರರ ಪಟ್ಟಿ ಪರಿಷ್ಕರಣೆಗೂ ಚುನಾವಣಾ ಕೆಲಸಕ್ಕೂ ಶಿಕ್ಷಕರನ್ನು ರಜೆಯಲ್ಲಿ ಮತ್ತು ಪಾಠವಿಲ್ಲದ ದಿನಗಳಲ್ಲಿ ಬಳಸಿಕೊಳ್ಳಬೇಕು, ಪಾಠದ ಹೊತ್ತಿನಲ್ಲಿ ಸಾಮಾನ್ಯವಾಗಿ ಕರೆಯಬಾರದು ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಆದರೂ 2015ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರು ಶಿಕ್ಷಕರು. 2025ರ ದಸರಾ ರಜೆಯಲ್ಲಿ ಅದೇ ಬಗೆಯ ಸಮೀಕ್ಷೆಗೆ ಮತ್ತೆ ತಿರುಗಿದವರೂ ಅವರೇ. ಕೆಲಸ ಮುಗಿಯಲಿಲ್ಲವೆಂದು ಅಕ್ಟೋಬರ್ 18ರವರೆಗೆ ಶಾಲೆಗಳ ರಜೆಯನ್ನೇ ವಿಸ್ತರಿಸಲಾಯಿತು. ಹಿಂದುಳಿದವರ ಲೆಕ್ಕ ಸಿಗಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆ ಲೆಕ್ಕದಿಂದ ಅನುಕೂಲವಾಗಬೇಕಾದ ಮಕ್ಕಳೇ ಸರ್ಕಾರಿ ಶಾಲೆಯಲ್ಲಿ ಕೂತವರು. ಅವರ ಪಾಠದ ದಿನಗಳನ್ನು ತೆಗೆದು ಅವರ ಏಳಿಗೆಯ ಅಂಕಿಅಂಶ ಸಂಗ್ರಹಿಸುವ ಏರ್ಪಾಡನ್ನು ಒಪ್ಪಲು ಸಾಧ್ಯವಿಲ್ಲ. ಕಳೆದ ದಿನಗಳ ಪಾಠವನ್ನು ಸರಿದೂಗಿಸಿ ಎಂಬ ಸೂಚನೆ ಮತ್ತೆ ಬರುವುದು ಮುಖ್ಯ ಶಿಕ್ಷಕರಿಗೇ.

ಇಷ್ಟೆಲ್ಲ ಹೊರೆ ಹೊತ್ತವರಿಗೆ ಇಲಾಖೆ ‘ವೃತ್ತಿ ಬೆಂಬಲ’ ಎಂದು ಕೊಡುವುದೇನು? 2019ರಲ್ಲಿ ದೇಶದಾದ್ಯಂತ ನಿಷ್ಠಾ ಎಂಬ ತರಬೇತಿ ಕಾರ್ಯಕ್ರಮ ಶುರುವಾಯಿತು, ಸುಮಾರು 42 ಲಕ್ಷ ಶಿಕ್ಷಕರು ಮತ್ತು ಮುಖ್ಯ ಶಿಕ್ಷಕರನ್ನು ಮುಟ್ಟುವ ಗುರಿಯೊಂದಿಗೆ. ಮರುವರ್ಷ ಕೊರೊನಾ ಕಾಲದಲ್ಲಿ ಅದು ದೀಕ್ಷಾ ಎಂಬ ಆನ್‌ಲೈನ್ ಜಾಲಕ್ಕೆ ಹೋಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮುಖ್ಯ ಶಿಕ್ಷಕರೂ ಸೇರಿ ಎಲ್ಲರೂ ವರ್ಷಕ್ಕೆ 50 ಗಂಟೆಯ ವೃತ್ತಿ ಅಭಿವೃದ್ಧಿ ಪಡೆಯಬೇಕೆಂದಿತು. ದೆಹಲಿಯ ನೀಪಾ ಸಂಸ್ಥೆಯಲ್ಲಿ ಶಾಲಾ ನಾಯಕತ್ವಕ್ಕೆಂದೇ ರಾಷ್ಟ್ರೀಯ ಕೇಂದ್ರವಿದೆ, ನಮ್ಮ ಧಾರವಾಡದಲ್ಲಿ ಅದೇ ಕೆಲಸದ ರಾಜ್ಯ ಸಂಸ್ಥೆ ಸಿಸ್ಲೆಪ್ ಇದೆ. ಇವುಗಳಲ್ಲಿ ದುಡಿಯುವವರ ಕಾಳಜಿಯನ್ನಾಗಲಿ ಅವರು ಸಿದ್ಧಪಡಿಸಿದ ಪಾಠಗಳನ್ನಾಗಲಿ ನಾನು ಹೀಗಳೆಯುವುದಿಲ್ಲ. ಆದರೆ ಆ 50 ಗಂಟೆ ಎಲ್ಲಿಂದ ಬರಬೇಕು? ವಿಡಿಯೊ ಒಂದೂವರೆ ಗಂಟೆಯದಾದರೆ ಅದನ್ನು ನೋಡುವುದು ರಾತ್ರಿ, ಮನೆಯಲ್ಲಿ, ಅಡುಗೆ ಮುಗಿದ ಮೇಲೆ. ಪ್ರಭಾರ ಹೊತ್ತವರಲ್ಲಿ ಮಹಿಳೆಯರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ, ಶಾಲೆಯ ಲೆಕ್ಕ, ಮನೆಯ ಲೆಕ್ಕ ಎರಡನ್ನೂ ಮುಗಿಸಿ ಅವರು ಮೊಬೈಲು ತೆರೆಯಬೇಕು. ಮಾಡ್ಯೂಲು ಕೊನೆಯ ಪುಟಕ್ಕೆ ಓಡಿಸಿ, ರಸಪ್ರಶ್ನೆಗೆ ಉತ್ತರ ಒತ್ತಿ, ಪ್ರಮಾಣಪತ್ರ ಇಳಿಸಿಕೊಂಡು ಗುಂಪಿಗೆ ಹಾಕಿದರೆ ಅವತ್ತಿನ ನಾಯಕತ್ವ ಕಲಿಕೆ ಮುಗಿಯಿತು. ಎಷ್ಟು ಶೇಕಡ ಮುಗಿದಿದೆ ಎಂದು ತಾಲ್ಲೂಕುವಾರು ಪಟ್ಟಿ ಬರುತ್ತದೆ. ಕಲಿತದ್ದರಿಂದ ಶಾಲೆಯಲ್ಲಿ ಏನು ಬದಲಾಯಿತು ಎಂದು ಕೇಳುವ ಪಟ್ಟಿ ಬರುವುದಿಲ್ಲ.

ಈ ಜಾಡಿನ ಪ್ರಯತ್ನ ಎಲ್ಲಿಗೆ ತಲುಪುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಗಟ್ಟಿ ಪುರಾವೆ ಇದೆ. ಮಧ್ಯಪ್ರದೇಶದಲ್ಲಿ ಶಾಲೆಗಳನ್ನು ಮೌಲ್ಯಮಾಪನ ಮಾಡಿ, ಪ್ರತಿ ಶಾಲೆಯಿಂದ ಸುಧಾರಣಾ ಯೋಜನೆ ಬರೆಸಿ, ಬೆನ್ನುಹತ್ತಿ ಪರಿಶೀಲಿಸುವ ಕಾರ್ಯಕ್ರಮವೊಂದು ನಡೆಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ಅಭಿಜೀತ್ ಸಿಂಗ್ ಅದರ ಫಲವನ್ನು ದೊಡ್ಡ ಪ್ರಮಾಣದಲ್ಲಿ, ಕಾರ್ಯಕ್ರಮ ನಡೆದ ಶಾಲೆಗಳನ್ನೂ ನಡೆಯದ ಶಾಲೆಗಳನ್ನೂ ಹೋಲಿಸಿ ಅಧ್ಯಯನ ಮಾಡಿದರು. ಮೌಲ್ಯಮಾಪನ ನಡೆದಿತ್ತು, ಯೋಜನೆಗಳು ಬರೆಯಲ್ಪಟ್ಟಿದ್ದವು, ಕಾಗದಗಳೆಲ್ಲ ಸರಿಯಾಗಿದ್ದವು. ಪಾಠ ಮಾಡುವ ರೀತಿ ಬದಲಾಗಿರಲಿಲ್ಲ, ಶಿಕ್ಷಕರ ಗೈರುಹಾಜರಿ ಬದಲಾಗಿರಲಿಲ್ಲ, ಮಕ್ಕಳ ಕಲಿಕೆಯೂ ಬದಲಾಗಿರಲಿಲ್ಲ. ಶಾಲೆಯವರು ಅದನ್ನು ಕಂಡದ್ದು ಇನ್ನೊಂದು ಮಾಹಿತಿ ಸಲ್ಲಿಕೆ ಎಂದೇ. ಇಷ್ಟಾದರೂ ಅದೇ ಮಾದರಿ ಯಶಸ್ಸೆಂದು ಹೆಸರು ಪಡೆದು ದೇಶದ ಲಕ್ಷಾಂತರ ಶಾಲೆಗಳಿಗೆ ಹಬ್ಬಿತು. ಶಾಲೆಯಿಂದ ಇನ್ನೊಂದು ನಮೂನೆ ಭರ್ತಿ ಮಾಡಿಸಿದರೆ ಶಾಲೆ ಸುಧಾರಿಸುತ್ತದೆ ಎಂಬ ನಂಬಿಕೆ ಎಷ್ಟು ಆಳವಾಗಿ ಬೇರೂರಿದೆ ಎಂದರೆ, ಸುಧಾರಿಸಲಿಲ್ಲ ಎಂಬ ಪುರಾವೆಯೂ ಅದನ್ನು ಅಲುಗಿಸಲಿಲ್ಲ.

ಎದುರು ಪಕ್ಷದ ಬಲವಾದ ವಾದದಿಂದ ನಾನು ತಪ್ಪಿಸಿಕೊಳ್ಳುವುದಿಲ್ಲ. ಒಂದೇ ತಾಲ್ಲೂಕು, ಅದೇ ಅನುದಾನ, ಅದೇ ಸುತ್ತೋಲೆ. ಆದರೂ ಒಂದು ಶಾಲೆ ನಳನಳಿಸುತ್ತದೆ, ಪಕ್ಕದ್ದು ಬಾಡಿದೆ. ವ್ಯತ್ಯಾಸ ಹೆಡ್‌ಮಾಸ್ತರರಲ್ಲದೆ ಇನ್ನೇನು ಎಂದು ಅವರು ಕೇಳುತ್ತಾರೆ. ಮಗುವಿನ ಕಲಿಕೆಯ ಮೇಲೆ ಶಾಲೆಯೊಳಗಿನ ಸಂಗತಿಗಳಲ್ಲಿ ತರಗತಿಯ ಪಾಠ ಬಿಟ್ಟರೆ ಮುಖ್ಯಸ್ಥರ ಪ್ರಭಾವವೇ ಹೆಚ್ಚು ಎಂದು ಕೆನಡಾದ ಕೆನೆತ್ ಲೀತ್‌ವುಡ್ ಮತ್ತು ಸಂಗಡಿಗರು 2004ರಲ್ಲಿ ಹೇಳಿದ್ದನ್ನು ಎಲ್ಲ ನಾಯಕತ್ವ ಶಿಬಿರಗಳಲ್ಲೂ ತೋರಿಸುತ್ತಾರೆ. ಅದು ನಿಜವೆಂದೇ ಇಟ್ಟುಕೊಳ್ಳೋಣ. ಆ ಪ್ರಭಾವ ಬರುವುದು ಮುಖ್ಯಸ್ಥರು ತರಗತಿಗೆ ಹೋಗಿ ಪಾಠ ನೋಡಿದಾಗ, ಸಹೋದ್ಯೋಗಿಯ ಜೊತೆ ಕೂತು ಈ ಮಗು ಕೂಡಿಸುವ ಲೆಕ್ಕದಲ್ಲಿ ಎಲ್ಲಿ ಎಡವುತ್ತಿದೆ ಎಂದು ಮಾತಾಡಿದಾಗ, ಶಾಲೆ ಬಿಟ್ಟ ಮಗುವಿನ ಮನೆಗೆ ಹೋದಾಗ. ನಮ್ಮವರು ಅಕ್ಕಿ ತೂಗುತ್ತಾ, ಆಧಾರ್ ತಾಳೆ ನೋಡುತ್ತಾ ಇದ್ದಾರೆ. ಮುಖ್ಯಸ್ಥರು ಮುಖ್ಯ ಎಂದು ನಂಬುವವರೇ ಅವರನ್ನು ಮುಖ್ಯವಾದ ಕೆಲಸದಿಂದ ಎಬ್ಬಿಸಿ ಕಳಿಸುತ್ತಿರುವುದು ನನಗೆ ಅರ್ಥವಾಗದ ಸಂಗತಿ.

ಆ ನಳನಳಿಸುವ ಶಾಲೆಯ ಹೆಡ್‌ಮಾಸ್ತರರು ಹೇಗೆ ಗೆದ್ದರು? ತಮ್ಮ ಸಂಬಳ, ತಮ್ಮ ರಾತ್ರಿಗಳು, ತಮ್ಮ ಮನೆಯವರ ಸಹನೆ ಇವನ್ನು ಶಾಲೆಗೆ ಸುರಿದು ಗೆದ್ದರು. ಅದು ದಾನ. ಸಾರ್ವಜನಿಕ ವ್ಯವಸ್ಥೆಯನ್ನು ದಾನದ ಮೇಲೆ ನಡೆಸಲು ಆಗುವುದಿಲ್ಲ. ಅವರಿಗೆ ವರ್ಗವಾದರೆ, ನಿವೃತ್ತಿಯಾದರೆ ಎರಡು ವರ್ಷದಲ್ಲಿ ಆ ಶಾಲೆ ಮತ್ತೆ ಮೊದಲಿದ್ದಲ್ಲಿಗೆ ಬಂದು ನಿಲ್ಲುವುದನ್ನು ಎಷ್ಟು ಊರುಗಳು ಕಂಡಿಲ್ಲ! ಗಿಡಗಳು ಒಣಗುತ್ತವೆ, ದಾನಿಗಳು ಫೋನು ಎತ್ತುವುದಿಲ್ಲ. ಮುಂದೆ ಬಂದ ಪ್ರಭಾರಿಗೆ ‘ಹಿಂದಿನ ಮೇಷ್ಟ್ರು ಹೇಗಿದ್ದರು ಗೊತ್ತಾ’ ಎಂಬ ಮಾತು ದಿನಾ ಕೇಳಿಸುತ್ತದೆ. ರಾಜ್ಯದಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳು 40 ಸಾವಿರದಷ್ಟಿವೆ. 40 ಸಾವಿರ ತ್ಯಾಗಿಗಳನ್ನು ಯಾವ ನೇಮಕಾತಿ ಪರೀಕ್ಷೆಯೂ ಹುಡುಕಿಕೊಡದು. ಸಾಧಾರಣ ಶಕ್ತಿಯ, ಸಾಧಾರಣ ಆರೋಗ್ಯದ, ಸಂಜೆ ಮನೆಗೆ ಹೋಗಲು ಬಯಸುವ ಪ್ರಾಮಾಣಿಕ ಮನುಷ್ಯ ಚೆನ್ನಾಗಿ ನಡೆಸಬಲ್ಲ ಶಾಲೆಯನ್ನು ಕಟ್ಟುವುದೇ ಇಲಾಖೆಯ ಕೆಲಸ.

ನಮ್ಮ ನಾಡಿನ ಶಾಲೆಗಳ ಇತಿಹಾಸದಲ್ಲಿ ವ್ಯಕ್ತಿಗಳ ಹೆಸರು ಇಲ್ಲದಿಲ್ಲ. ಮುಂಬಯಿ ಕರ್ನಾಟಕದಲ್ಲಿ ಕನ್ನಡ ಶಾಲೆಗಳು ಬೇರು ಬಿಟ್ಟ ಕಥೆಯನ್ನು ಡೆಪ್ಯುಟಿ ಚನ್ನಬಸಪ್ಪನವರನ್ನು ಬಿಟ್ಟು ಹೇಳಲು ಬರುವುದಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಆ ದೊಡ್ಡ ಮನುಷ್ಯ ಕೆಲಸ ಮಾಡಿದ್ದು ಬರಿಗೈಯಲ್ಲಿ ಅಲ್ಲ. ಶಿಕ್ಷಕರನ್ನು ತಯಾರು ಮಾಡುವ ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಸ್ಥಿಕೆ ಅವರ ಕೈಯಲ್ಲಿತ್ತು, ಶಿಕ್ಷಣ ಇಲಾಖೆಯ ಡೆಪ್ಯುಟಿ ಇನ್‌ಸ್ಪೆಕ್ಟರ್ ಹುದ್ದೆಯ ಅಧಿಕಾರವಿತ್ತು. ಶಾಲೆ ತೆರೆಯಲು, ಶಿಕ್ಷಕರನ್ನು ಬೆಳೆಸಲು ಬೇಕಾದ ಬಲ ಆ ಹುದ್ದೆಯಲ್ಲಿತ್ತು. ಅವರ ಕನ್ನಡಾಭಿಮಾನವನ್ನಷ್ಟೇ ನೆನೆದು ಹುದ್ದೆಯ ಬಲವನ್ನು ಮರೆತರೆ ನಾವು ಅವರ ಕೆಲಸವನ್ನು ಅರ್ಧ ಮಾತ್ರ ಅರ್ಥ ಮಾಡಿಕೊಂಡಂತೆ.

ಇಂದಿನ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರಿಗೆ ಹೊಣೆ ಇದೆ, ಬಲವಿಲ್ಲ. ಶಿಕ್ಷಕರ ಕೊರತೆ ನೀಗಿಸುವ ಶಕ್ತಿ ಇಲ್ಲ, ಸೋರುವ ಕೋಣೆಯ ಹೆಂಚು ಬದಲಿಸಲು ಹಣವಿಲ್ಲ. ಗೋಡೆ ಬಿದ್ದರೆ ನೋಟಿಸ್ ಬರುವುದು ಅವರಿಗೆ. ಊಟದಲ್ಲಿ ಹುಳು ಕಂಡರೆ ವಿಡಿಯೊ ಆಗುವುದು ಅವರದು. ಬಡ್ತಿ ಬಂದಾಗ ಬೇಡವೆಂದು ಬರೆದುಕೊಟ್ಟು ಸಹಶಿಕ್ಷಕರಾಗಿಯೇ ಉಳಿಯುವವರನ್ನು ಶಿಕ್ಷಕ ವಲಯದಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಒಂದು ವೃತ್ತಿಯಲ್ಲಿ ಮೇಲಿನ ಮೆಟ್ಟಿಲನ್ನು ಜನ ಶಿಕ್ಷೆಯೆಂದು ಕಾಣುತ್ತಿದ್ದಾರೆ ಎಂದರೆ ದೋಷ ಮೆಟ್ಟಿಲಿನಲ್ಲಿದೆ.

ಬೆಂಬಲಕ್ಕೆಂದೇ ಹುಟ್ಟಿದ ವ್ಯವಸ್ಥೆಯ ಗತಿಯೂ ಹೀಗೇ ಆಯಿತು. ತೊಂಬತ್ತರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ (ಡಿಪಿಇಪಿ) ಕಾಲದಲ್ಲಿ ಸಮೂಹ (ಕ್ಲಸ್ಟರ್) ಸಂಪನ್ಮೂಲ ಕೇಂದ್ರಗಳು ಬಂದಾಗ ಅವುಗಳ ಆಶಯ ಬಹಳ ಒಳ್ಳೆಯದಿತ್ತು. ಸುತ್ತಲಿನ ಹತ್ತು ಹನ್ನೆರಡು ಶಾಲೆಗಳ ಶಿಕ್ಷಕರು ತಿಂಗಳಿಗೊಮ್ಮೆ ಸಮಾಲೋಚನಾ ಸಭೆಯಲ್ಲಿ ಕೂಡಬೇಕು, ಸಿಆರ್‌ಪಿ ಶಾಲೆಯಿಂದ ಶಾಲೆಗೆ ಹೋಗಿ ಪಾಠ ನೋಡಿ ಕೈಜೋಡಿಸಬೇಕು. ಇಂದು ಸಿಆರ್‌ಪಿಗಳು ಮೇಲಿನಿಂದ ಬಂದ ಪ್ರಶ್ನೆಯನ್ನು ಕೆಳಗೆ, ಕೆಳಗಿನಿಂದ ಬಂದ ಅಂಕಿಯನ್ನು ಮೇಲೆ ಕಳಿಸುವುದರಲ್ಲೇ ಸೋತುಹೋಗಿದ್ದಾರೆ. ಅವರದೂ ತಪ್ಪಲ್ಲ, ಅವರೂ ಶಿಕ್ಷಕರೇ. ಆದರೆ ಹೊಸದಾಗಿ ಪ್ರಭಾರ ಹೊತ್ತ ಒಬ್ಬ ಶಿಕ್ಷಕಿಗೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಚೆಕ್ಕಿಗೆ ಸಹಿ ಹಾಕಲು ಸತಾಯಿಸಿದರೆ, ಸಹೋದ್ಯೋಗಿ ದಿನಾ ತಡವಾಗಿ ಬಂದರೆ, ಏನು ಮಾಡಲಿ ಎಂದು ಕೇಳಲು ಒಬ್ಬರಾದರೂ ಬೇಕು. ತಪ್ಪು ಹುಡುಕದೆ, ವರದಿ ಕೇಳದೆ ಅವರ ಮಾತು ಕೇಳಿಸಿಕೊಳ್ಳುವವರು. ಇಪ್ಪತ್ತು ವರ್ಷ ಶಾಲೆ ನಡೆಸಿ ನಿವೃತ್ತರಾದ ಅನುಭವಿಗಳು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಅವರನ್ನು ಗೌರವದಿಂದ ಕರೆದು, ಹೊಸಬರಿಗೆ ಮೊದಲ ಎರಡು ವರ್ಷ ಜೊತೆಗಾರರನ್ನಾಗಿ ಕೊಡಲು ಹೊಸ ಸಂಸ್ಥೆಯೂ ಬೇಡ, ಹೊಸ ಕಟ್ಟಡವೂ ಬೇಡ.

ಆಗುವುದಿಲ್ಲ ಎನ್ನುವವರು ನಮ್ಮ ದೇಶದಲ್ಲೇ ಆಗಿರುವುದನ್ನು ನೋಡಲಿ. ದೆಹಲಿ ಸರ್ಕಾರ ಪ್ರಾಂಶುಪಾಲರನ್ನು ವಿದೇಶಕ್ಕೆ ಕಳಿಸಿದ್ದು ಎಲ್ಲರಿಗೂ ಗೊತ್ತು. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು, ನನ್ನ ಪ್ರಕಾರ, ಸದ್ದಿಲ್ಲದೆ ಮಾಡಿದ ಇನ್ನೊಂದು ಕೆಲಸ. ನಲ್ಲಿ, ನೈರ್ಮಲ್ಯ, ದುರಸ್ತಿ ನೋಡಿಕೊಳ್ಳಲು ಶಾಲೆಗಳಿಗೆ ಎಸ್ಟೇಟ್ ಮ್ಯಾನೇಜರ್‌ಗಳನ್ನು ನೇಮಿಸಿದ್ದು. ಬಡ ರಾಜ್ಯವೆಂದು ನಾವು ಕರೆಯುವ ಬಿಹಾರ ತನ್ನ ಪ್ರಾಥಮಿಕ ಶಾಲೆಗಳಿಗೆಂದೇ 40 ಸಾವಿರಕ್ಕೂ ಹೆಚ್ಚು ಪ್ರಧಾನ ಶಿಕ್ಷಕರ ಹುದ್ದೆ ಸೃಷ್ಟಿಸಿ, ಲೋಕಸೇವಾ ಆಯೋಗದ ಮೂಲಕ ಪರೀಕ್ಷೆ ನಡೆಸಿತು. ನಮ್ಮಲ್ಲೂ 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಎಂದು ಮುಖ್ಯಮಂತ್ರಿಗಳು ಘೋಷಿಸಿದರು. ಅಲ್ಲಿಯವರೆಗೆ ಕರೆಂಟ್ ಬಿಲ್ಲಿನ ಚಿಂತೆಯೂ ಮುಖ್ಯ ಶಿಕ್ಷಕರದೇ ಆಗಿತ್ತು. ಯಾರ ಮನೋಭಾವವನ್ನೂ ತಿದ್ದದೆ, ಯಾವ ಶಿಬಿರವನ್ನೂ ನಡೆಸದೆ, ಒಂದು ಆದೇಶದಿಂದ ಅಷ್ಟು ಭಾರ ಇಳಿಸಲು ಸಾಧ್ಯವಾಯಿತು. ಉಳಿದ ಭಾರಗಳೂ ಇಂಥವೇ.

ಹಣವೆಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರತಿ ಶಾಲೆಗೂ ಒಬ್ಬ ಗುಮಾಸ್ತರನ್ನು ನಾನು ಕೇಳುತ್ತಿಲ್ಲ. ಕ್ಲಸ್ಟರಿಗೊಬ್ಬರು ಸಾಕು. ಒಂದು ಕಂಪ್ಯೂಟರ್, ಒಂದು ದ್ವಿಚಕ್ರ ವಾಹನ, ಹತ್ತು ಹನ್ನೆರಡು ಶಾಲೆಗಳ ದತ್ತಾಂಶ ಮತ್ತು ಲೆಕ್ಕ. ಅಷ್ಟೂ ಶಾಲೆಗಳ ಮುಖ್ಯ ಶಿಕ್ಷಕರಿಗೆ ದಿನಕ್ಕೆ ಒಂದೊಂದು ಗಂಟೆ ಉಳಿದರೂ ಆ ಗಂಟೆಗಳ ಬೆಲೆ ಒಬ್ಬರ ಸಂಬಳಕ್ಕಿಂತ ಎಷ್ಟೋ ಹೆಚ್ಚು, ಏಕೆಂದರೆ ಅವಕ್ಕೂ ನಾವು ಶಿಕ್ಷಕರ ಸಂಬಳವನ್ನೇ ಕೊಡುತ್ತಿದ್ದೇವೆ. ಇನ್ನು ಕೆಲವರು ಸಣ್ಣ ಶಾಲೆಗಳನ್ನೆಲ್ಲ ಮುಚ್ಚಿ ಕರ್ನಾಟಕ ಪಬ್ಲಿಕ್ ಶಾಲೆಗೆ ಸೇರಿಸಿದರೆ ಸಮಸ್ಯೆಯೇ ಇರುವುದಿಲ್ಲ ಎನ್ನುತ್ತಾರೆ. ಒಂದು ಕಿಲೊಮೀಟರ್ ಒಳಗೆ ಕಿರಿಯ ಪ್ರಾಥಮಿಕ ಶಾಲೆ ಎಂಬುದು ಮಗುವಿಗೆ ಕಾನೂನು ಕೊಟ್ಟ ಮಾತು. ಹೆಡ್‌ಮಾಸ್ತರರ ಹೊರೆ ಇಳಿಸಲು ಆರು ವರ್ಷದ ಹುಡುಗಿಯನ್ನು ಮುಖ್ಯರಸ್ತೆಯಲ್ಲಿ ನಡೆಸುವ ಪರಿಹಾರವನ್ನು ಯಾವ ಹೆಡ್‌ಮಾಸ್ತರರೂ ಕೇಳಿಲ್ಲ.

ಓದುಗರಲ್ಲಿ ಎಸ್‌ಡಿಎಂಸಿ ಸದಸ್ಯರಿದ್ದರೆ, ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವ ತಂದೆತಾಯಿ ಇದ್ದರೆ ಅವರಲ್ಲಿ ನನ್ನದೊಂದು ಮನವಿ. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಂ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸಬೇಕಾದವರು ನೀವು, ಸರ್ಕಾರದ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಬೇಕು ಎಂದೂ ಅದೇ ಕಲಂ ಹೇಳುತ್ತದೆ. ಸಾಮಾನ್ಯವಾಗಿ ಆ ಯೋಜನೆಯಲ್ಲಿ ಕೊಠಡಿ, ಕಾಂಪೌಂಡು, ಶೌಚಾಲಯ ಎಂದು ಬರೆದು ಮುಗಿಸುತ್ತೇವೆ. ಈ ಸಲ ಅದರಲ್ಲಿ ಪೂರ್ಣಾವಧಿ ಮುಖ್ಯ ಶಿಕ್ಷಕರು, ಕ್ಲಸ್ಟರಿಗೊಬ್ಬ ಗುಮಾಸ್ತರು, ಶೌಚಾಲಯಕ್ಕೆ ಸಂಬಳದ ಸಿಬ್ಬಂದಿ ಬೇಕೆಂದೂ ಬರೆಸಿ. ಸಭೆಯ ನಡಾವಳಿಯಲ್ಲಿ ದಾಖಲಿಸಿ, ಸಹಿ ಹಾಕಿ, ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೂ ಇನ್ನೊಂದನ್ನು ನಿಮ್ಮ ಶಾಸಕರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.